ಮಗುವಿನ ಪರವಾಗಿ ಒಂದು ಬೆನ್ನು

೨೦೦೩ನೇ ಇಸವಿಯ ಜೂನ್ ತಿಂಗಳಲ್ಲಿ, ಆಟಿಸಂ ಇರುವ ಮಕ್ಕಳ ಬೆನ್ನು ನೀವಿದರೆ ಅವರಿಗೆ ಅನುಕೂಲವಾಗುತ್ತದೆಯೇ ಎಂಬುದನ್ನು ಬೆಂಗಳೂರಿನ ಜೆ.ಪಿ. ನಗರದಲ್ಲಿ ವೈಜ್ಞಾನಿಕವಾಗಿ ಪರೀಕ್ಷಿಸಲಾಯಿತು. ಪರೀಕ್ಷೆ ನಡೆಸಿದ್ದು ಸ್ಪರ್ಶಸೇತು ಹಸ್ತಚಿಕಿತ್ಸಾ ಕೇಂದ್ರ. ನಲವತ್ತು ಮಕ್ಕಳು, ತಲಾ ಮೂವತ್ತು ಸಲ ನೀವುವುದು.

ಗದಗದ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ವಿಜಯಲಕ್ಷ್ಮಿ ತನ್ನ ಎಂಟು ವರ್ಷದ ಮಗಳು ಉಮಾಶ್ರೀಯನ್ನು ಅಲ್ಲಿಗೆ ಸೇರಿಸಿದಳು. ಚಿಕಿತ್ಸೆಯ ಸರ್ಟಿಫಿಕೇಟ್ ತಂದರೆ ಎರಡನೇ ತರಗತಿಗೆ ಸೀಟು ಕೊಡುವುದಾಗಿ ಒಂದು ಶಾಲೆ ಹೇಳಿತ್ತು. ಅದಕ್ಕೂ ಮೊದಲಿನ ಐದು ಶಾಲೆಗಳು ಏನನ್ನೂ ತರಲು ಹೇಳಿರಲಿಲ್ಲ, ಬರಬೇಡಿ ಎಂದಷ್ಟೇ ಹೇಳಿದ್ದವು.

ಉಮಾಶ್ರೀಗೆ ಯಾರು ಮುಟ್ಟಿದರೂ ಆಗದು. ಮೊದಲ ದಿನ ಥೆರಪಿಸ್ಟ್ ಪಂಕಜಾ ಕೈ ಚಾಚಿದ ಕೂಡಲೇ ಅವಳು ಎದುರಿನ ಗೋಡೆಗೆ ಹೋಗಿ ನಿಂತಳು. 'ಮಗು ಹನ್ನೊಂದು ಅಡಿ ದೂರದಿಂದ ಸಹಕರಿಸಿತು' ಎಂದು ರಿಜಿಸ್ಟರಿನಲ್ಲಿ ಬರೆಯಲಾಯಿತು. ಉಳಿದ ಮಕ್ಕಳೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ ಸಹಕರಿಸುತ್ತಿದ್ದರು.

ನಿರ್ದೇಶಕ ನಂದಕುಮಾರ್ ಸಭೆ ಕರೆದು ಸುತ್ತೋಲೆ ಹೊರಡಿಸಿದರು: "ನಿಯಮ ೭(ಬಿ): ಮಗುವಿನ ಬೆನ್ನು ಲಭ್ಯವಿಲ್ಲದಿದ್ದಲ್ಲಿ, ತಾಯಿಯ ಬೆನ್ನನ್ನೇ ಸದರಿ ಮಗುವಿನ ಬೆನ್ನೆಂದು ಪರಿಗಣಿಸತಕ್ಕದ್ದು."

ವಿಜಯಲಕ್ಷ್ಮಿ ಸಂಕೋಚದಿಂದಲೇ ಬೋರಲು ಮಲಗಿದಳು. ಪಂಕಜಾ ಭುಜ ಒತ್ತಿ, ನೋವಾಗ್ತಿದೆಯಾ ಎಂದು ಕೇಳಿದಾಗ ಅವಳ ಕಣ್ಣು ತುಂಬಿತು.

"ನೋವಿಲ್ರಿ. ಇಷ್ಟು ದಿನ ಯಾರೂ ಕೇಳಿದ್ದಿಲ್ಲ, ಅಷ್ಟ."

ಆಮೇಲೆ ನಿದ್ದೆಹೋದಳು. ಹೊರಗೆ ಬೆಂಚಿನ ಮೇಲೆ ಉಮಾಶ್ರೀಯೂ ನೆಮ್ಮದಿಯಾಗಿದ್ದಳು. ಒಂದು ಗಂಟೆ ಯಾರೂ ಅವಳಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎನ್ನಲಿಲ್ಲ.

ಹೋಲಿಕೆಗೆಂದು ನಲವತ್ತರಲ್ಲಿ ಇಪ್ಪತ್ತು ಮಕ್ಕಳನ್ನು ಚಿಕಿತ್ಸೆಯಿಲ್ಲದೆ ಬಿಡಬೇಕಿತ್ತು. ಅವರ ತಾಯಂದಿರು, ನಮ್ಮ ಬೆನ್ನೇನು ಪಾಪ ಮಾಡಿದೆ ಎಂದು ಮೆಟ್ಟಿಲ ಮೇಲೆ ಧರಣಿ ಕೂತರು. ಅವರನ್ನೂ ನೀವಲಾಯಿತು. ಹೋಲಿಕೆಯ ಗುಂಪಾಗಿ ಕಟ್ಟಡದ ಮಾಲೀಕ ಚಿಕ್ಕಬೈರಪ್ಪನವರನ್ನು ನೇಮಿಸಲಾಯಿತು. ಮೂರು ತಿಂಗಳು ವಾರವಾರ ಪರೀಕ್ಷಿಸಿದರೂ ಅವರಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ವಿಜ್ಞಾನಕ್ಕೆ ಸಮಾಧಾನವಾಯಿತು.

ಕೊನೆಗೆ ಪ್ರಶ್ನಾವಳಿ ಬಂತು. 'ಮನೆಯಲ್ಲಿ ಅಳುವುದು ಕಡಿಮೆಯಾಗಿದೆಯೇ?' ಯಾರು ಅಳುವುದು ಎಂದು ಕೇಳಿರಲಿಲ್ಲವಾದ್ದರಿಂದ ವಿಜಯಲಕ್ಷ್ಮಿ ಪ್ರಾಮಾಣಿಕವಾಗಿ 'ತುಂಬಾ' ಎಂಬಲ್ಲಿ ಗುರುತು ಹಾಕಿದಳು. ಮೂವತ್ತೆಂಟು ಮಕ್ಕಳು ಸುಧಾರಿಸಿದರು. ಉಳಿದಿಬ್ಬರ ತಾಯಂದಿರಿಗೆ ಕಚಗುಳಿಯಾಗುತ್ತಿದ್ದ ಕಾರಣ ಅವರನ್ನು ಲೆಕ್ಕದಿಂದ ಕೈಬಿಡಲಾಯಿತು.

ಆದರೂ ಮನಸ್ಸು ತಡೆಯದೆ ವಿಜಯಲಕ್ಷ್ಮಿ ನಿರ್ದೇಶಕರ ಮುಂದೆ ನಿಂತಳು.

"ಖರೇ ಹೇಳ್ತೀನ್ರಿ ಸಾರ್, ನನ್ನ ಮಗಳನ್ನ ಇಲ್ಲಿ ಯಾರೂ ಮುಟ್ಟೇ ಇಲ್ಲ."

"ಅದೇ ಮೇಡಂ ನಮ್ಮ ಥೆರಪಿ ವಿಶೇಷ," ಎಂದರು ನಂದಕುಮಾರ್. "ಸೈಡ್ ಎಫೆಕ್ಟೇ ಇಲ್ಲ."

ಮಗಳ ಸೀಟು ನೆನೆದು ಅವಳು ಸರ್ಟಿಫಿಕೇಟ್ ತೆಗೆದುಕೊಂಡಳು.

ಶಾಲೆಯ ಮುಖ್ಯೋಪಾಧ್ಯಾಯಿನಿ ಹೇಮಶ್ರೀ ಅದನ್ನು ಎರಡು ಸಲ ಓದಿದರು. 'ಚಿಕಿತ್ಸೆ ಪಡೆದವರು: ವಿಜಯಲಕ್ಷ್ಮಿ, ಮಗುವಿನ ಪರವಾಗಿ.' ಚಿಕಿತ್ಸೆ ಪಡೆದವರಿಗೇ ಸೀಟು ಕೊಡಬೇಕೆಂಬುದು ಆಡಳಿತ ಮಂಡಳಿಯ ನಿರ್ಣಯ, ತಾವು ಅದನ್ನು ಮೀರುವ ಹಾಗಿಲ್ಲ ಎಂದು ಅವರು ವಿಷಾದಿಸಿದರು. ವಿಜಯಲಕ್ಷ್ಮಿ ಮಗುವಿನ ಪರವಾಗಿ ಎರಡನೇ ತರಗತಿಗೆ ದಾಖಲಾದಳು.

ಅವಳು ಕೆಲಸಕ್ಕಿದ್ದ ಕೊರಿಯರ್ ಆಫೀಸಿನವರು ಅವಳಿಗೆ ಸಂಜೆಯ ಪಾಳಿ ಕೊಟ್ಟರು. ಗಂಡ ಮೌನೇಶ ಟಿಫಿನ್ ಕಟ್ಟಿದ. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಲಿತದ್ದನ್ನು ಅವಳು ಮನೆಗೆ ಬಂದು ಹೇಳಿದರೆ, ಉಮಾಶ್ರೀ ಕಿಟಕಿಯತ್ತ ನೋಡುತ್ತಲೇ ಅರ್ಧ ಗಂಟೆಯಲ್ಲಿ ಎಲ್ಲ ಕಲಿತು ಮುಗಿಸುತ್ತಿದ್ದಳು.

ಡಿಸೆಂಬರಿನಲ್ಲಿ ಪೋಷಕರ ಸಭೆ ನಡೆಯಿತು. ನಿಯಮದಂತೆ ವಿಜಯಲಕ್ಷ್ಮಿಯ ಕಡೆಯಿಂದ ಉಮಾಶ್ರೀ ಬಂದಳು. ವಿದ್ಯಾರ್ಥಿನಿ ಗಣಿತದಲ್ಲಿ ಸ್ವಲ್ಪ ಹಿಂದೆ, ನಡತೆ ಒಳ್ಳೆಯದು ಎಂದು ಕ್ಲಾಸಿನ ಮೇಡಂ ತಿಳಿಸಿದರು. ಉಮಾಶ್ರೀ ಪ್ರೋಗ್ರೆಸ್ ಕಾರ್ಡಿನಲ್ಲಿ ಮೇಡಂ ಅಂಕ ಕೂಡಿದ್ದು ತಪ್ಪಾಗಿದ್ದನ್ನು ತಿದ್ದಿ, ಪೋಷಕರ ಜಾಗದಲ್ಲಿ ಸಹಿ ಮಾಡಿದಳು.