ನಿಜಗುಣಪ್ಪನ ನೀರಿನ ಗಂಟೆ

ರೇಡಿಯೋ ರಿಪೇರಿ ಶಂಕ್ರೆಪ್ಪನ ಅಂಗಡಿಯ ಕಟ್ಟೆಯ ಮೇಲೆ ಮೂರು ಕರೆಂಟಿನ ಗಂಟೆಗಳಿದ್ದವು. ಒಂದು, ಸ್ಥಿತಿವಂತರ ಬಾಗಿಲಿಗೆ ಹಾಕುವ ಸಣ್ಣ ಗಂಟೆ. ಇನ್ನೊಂದು, ಯಾವುದೋ ಕಚೇರಿಯಲ್ಲಿ ಸಾಹೇಬರು ಸಿಪಾಯಿಯನ್ನು ಕರೆದು ಕರೆದು ಸವೆಸಿಬಿಟ್ಟದ್ದು. ಮೂರನೆಯದು, ಬೈಲಹೊಂಗಲಕ್ಕೆ ಬಂದು ಎರಡೇ ತಿಂಗಳಲ್ಲಿ ಡೇರೆ ಕಿತ್ತ ಟೂರಿಂಗ್ ಟಾಕೀಸಿನದು. ಊಟದ ತಾಟಿನಷ್ಟು ಅಗಲ. ಇಂಟರ್‌ವಲ್ಲಿನಲ್ಲಿ ಚಹಾ ಕುಡಿಯಲು ಪೇಟೆಯವರೆಗೆ ಹೋದವರನ್ನು ಅಲ್ಲಿಂದಲೇ ತಿರುಗಿ ಕರೆಯುತ್ತಿದ್ದ ಗಂಟೆ ಅದು. ಸಣ್ಣದು ಸಾಕು, ಮನೆಯ ಗಂಟೆ ಮನೆಯವರಿಗೆ ಕೇಳಿದರಾಯಿತು ಎಂದು ಶಂಕ್ರೆಪ್ಪ ಬುದ್ಧಿ ಹೇಳಿದ. ನಿಜಗುಣಪ್ಪ ಕೇಳಿದನೇ? ದೊಡ್ಡದನ್ನೇ ಎರಡೂ ಕೈಯಿಂದ ಎತ್ತಿಕೊಂಡು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ. ಆಗ ಅವನ ಕೈಯನ್ನು ಯಾರಾದರೂ ಹಿಡಿದಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ನಿಜಗುಣಪ್ಪ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಟೆಂಡರ್. ಹನ್ನೊಂದು ವರ್ಷ ಸೈನ್ಸ್ ಮಾಸ್ತರರ ಹಿಂದೆ ನಿಂತು ವೈರು ಹಿಡಿದೂ ಹಿಡಿದೂ, ಮಾಸ್ತರರಿಗಿಂತ ತನಗೇ ಒಂದು ಗುಲಗಂಜಿ ಹೆಚ್ಚು ತಿಳಿದಿದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಓಣಿಯವರೂ ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು, ಅವನೂ ಬೇಡವೆನ್ನುತ್ತಿರಲಿಲ್ಲ. ಮನೆ ಅಂದಮೇಲೆ ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕು ಎಂಬುದು ಅವನ ಹುಚ್ಚು. ಮುಂಬಾಗಿಲಿಗೆ ಹಗ್ಗ ಕಟ್ಟಿ, ಅದನ್ನು ಚೌಕಟ್ಟಿನ ರಂಧ್ರದಿಂದ ಹೊರಗೆ ತಂದು, ರಾಟೆಯ ಮೇಲಿಂದ ಇಳಿಸಿ, ತುದಿಗೆ ಒಂದಿಷ್ಟು ಉಸುಕು ಹಾಕಿದ ಎಣ್ಣೆ ಡಬ್ಬಿ ನೇತುಬಿಟ್ಟಿದ್ದ. ಬಾಗಿಲು ನೂಕಿಕೊಂಡು ಒಳಗೆ ಹೋದರೆ ಡಬ್ಬಿಯ ಭಾರಕ್ಕೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಬೆಳಗಿನ ಐದಕ್ಕೆ ಅದೇ ದೀಪದ ಗುಂಡಿ ಎಳೆಯುವಂತೆ ಮಾಡಿದ್ದ. ಕರೆಂಟು ಇಲ್ಲದ ಒಂದು ದಿನ ಗಡಿಯಾರಕ್ಕೆ ಸಿಟ್ಟು ಬಂದಿತೋ ಏನೋ, ಗುಂಡಿಯನ್ನೇ ಗೋಡೆಯಿಂದ ಕಿತ್ತು ತನ್ನ ಮೇಲೆ ಕೆಡವಿಕೊಂಡಿತು.

ಇಷ್ಟೆಲ್ಲ ಮಾಡಿದ ಮಹಾಶಯನಿಗೆ ನೀರಿನದಕ್ಕೆ ಮಾತ್ರ ದಾರಿ ಕಂಡಿರಲಿಲ್ಲ. ಎಪ್ಪತ್ತೈದನೇ ಇಸವಿಯ ಮಾತು. ಓಣಿಯ ಮನೆಮನೆಯ ನಳಕ್ಕೂ ನೀರು ಬರುತ್ತಿತ್ತು, ಬರುತ್ತಿರಲಿಲ್ಲವೆಂದಲ್ಲ. ಯಾವಾಗ ಬರುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಒಂದು ದಿನ ನಸುಕಿಗೆ ಬಂದರೆ ಇನ್ನೊಂದು ದಿನ ಮಧ್ಯಾಹ್ನ. ನಿಜಗುಣಪ್ಪನದು ಓಣಿಯ ಇಳಿಜಾರಿನ ತುದಿಯ ಮನೆ. ಹೆಂಡತಿ ಪದ್ಮವ್ವ ತುಂಬು ಬಸುರಿಯಾಗಿ, ನೆಲ ಅಗೆದು ಮಾಡಿದ ನಳದ ಗುಂಡಿಯ ಮುಂದೆ ಮಣೆ ಹಾಕಿಕೊಂಡು, ಗೊರಗೊರ ಸಪ್ಪಳಕ್ಕೆ ಕಿವಿಕೊಟ್ಟು ಕೂರುತ್ತಿದ್ದಳು. ಕೊನೆಗೆ ಬಾಣಂತನಕ್ಕೆಂದು ತವರುಮನೆ ಸಂಗೊಳ್ಳಿಗೆ ಹೊರಟ ದಿನ ಗಂಟು ಎತ್ತಿಕೊಂಡವಳೇ ಹೇಳಿದಳು:

"ಇನ್ನ ಕೂಸು ಬಗಲಾಗ ಇಟಗೊಂಡು ನಳಾ ಕಾಯೂದು ನನ್ನಿಂದ ಆಗಂಗಿಲ್ರಿ. ಕಾಯದನ ನೀರ ಬಂದ ಮ್ಯಾಲ ಕಾಗದ ಬರೀರಿ, ಬರತೇನಿ."

ಕೂಸಿಗೆ ಮೂರು ತಿಂಗಳಾಯಿತು. ನಿಜಗುಣಪ್ಪ ಮಗಳ ಮುಖವನ್ನು ಒಮ್ಮೆ ನೋಡಿ ಬಂದಿದ್ದನಷ್ಟೇ. ಸಂಜೆ ಮನೆಗೆ ಬಂದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಆ ಸಂಕಟದಿಂದಲೇ ಅವನ ತಲೆಯಲ್ಲಿ ನೀರಿನ ಗಂಟೆ ಹುಟ್ಟಿತು. ನಳದ ಕೆಳಗೆ ಬಕೀಟು. ಅದರಲ್ಲಿ ತೇಲುವ ಒಂದು ಸಣ್ಣ ಡಬ್ಬಿ. ನೀರು ಎರಡು ಬೆರಳು ಏರಿದರೆ ಡಬ್ಬಿ ಎದ್ದು ಎರಡು ತಗಡುಗಳನ್ನು ಕೂಡಿಸಬೇಕು, ಕೂಡಿದ ಕೂಡಲೇ ಗಂಟೆ ಬಾರಿಸಬೇಕು. ಕರೆಂಟನ್ನು ನಂಬುವ ಹಾಗಿಲ್ಲವೆಂದು ಟಾರ್ಚಿನ ಎಂಟು ಸೆಲ್ಲು ಕಟ್ಟಿದ. ನೀರು ತಾನೇ ಕೂಗಿ ಕರೆಯುತ್ತದೆ, ರವಿವಾರ ಬಾ ಎಂದು ಹೆಂಡತಿಗೆ ಕಾಗದ ಹಾಕಿದ. ಶನಿವಾರ ಸಂಜೆ ಮಾಳಿಗೆಯ ಮೇಲೆ ಗಂಟೆ ಕೂಡಿಸಿ, ನಾಳೆಯಿಂದ ಯಾರೂ ನಳ ಕಾಯುವುದು ಬೇಡ, ನನ್ನ ಗಂಟೆಯಾದಾಗ ಎದ್ದು ಬಂದರೆ ಸಾಕು ಎಂದು ಓಣಿಗೆಲ್ಲ ಸಾರಿದ. ಪಕ್ಕದ ಮನೆಯ ಮರೆವ್ವ ಅವನಿಗೆ ಎರಡು ಕಡಬು ತಂದುಕೊಟ್ಟಳು.

ರವಿವಾರ ಬೆಳಗ್ಗೆ ಆರಕ್ಕೆ ಗಂಟೆಯಾಯಿತು. ಸಣ್ಣ ಗಂಟೆಯೇ ಅದು? ಓಣಿಯ ನಾಯಿಗಳು ಊರ ಹೊರಗಿನ ಹತ್ತಿಯ ಹೊಲ ಸೇರಿದವು. ಹೆಂಗಸರು ಕೊಡ, ಘಾಗರ ಎತ್ತಿಕೊಂಡು ಓಡಿ ಬಂದು ತಮ್ಮ ತಮ್ಮ ನಳದ ಕೆಳಗಿಟ್ಟರು. ಸೂರ್ ಎಂದು ಒಂದು ತಂಬಿಗೆ ನೀರು ಸುರಿಸಿ ನಳ ತೇಗಿತು, ಅಷ್ಟೇ. ಇವತ್ತು ನೀರು ಕಡಿಮೆ ಬಂದಿರಬೇಕೆಂದು ಎಲ್ಲರೂ ಒಳಗೆ ಹೋದರು. ನಿಜಗುಣಪ್ಪ ಬಕೀಟು ಬರಿದು ಮಾಡಿ ಮತ್ತೆ ನಳದ ಕೆಳಗಿಟ್ಟ. ಎಂಟಕ್ಕೆ ಮತ್ತೆ ಗಂಟೆಯಾಯಿತು, ಮತ್ತೆ ಓಡಿದರು, ಮತ್ತೆ ಒಂದು ತಂಬಿಗೆ. ಅಷ್ಟರಲ್ಲಿ ಮೇಲಿನ ಓಣಿಯಲ್ಲಿ ಎಮ್ಮೆ ಮೈ ತೊಳೆಯುವಷ್ಟು ನೀರು ಬಂದಿದೆ ಎಂಬ ಸುದ್ದಿ ಬಂತು. ನೀರು ಬಿಡುವ ಗಂಗಪ್ಪನನ್ನು ಹುಡುಕಿಕೊಂಡು ಹೋದ ಶಟ್ಟೆಪ್ಪ, ಅವನು ಬೇರೆ ಓಣಿಯ ವಾಲ್ ತಿರುಗಿಸಲು ಹೋಗಿದ್ದಾನಂತೆ ಎಂದು ಬರಿಗೈಯಲ್ಲಿ ಬಂದ.

ಈ ಶಟ್ಟೆಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ ಮನೆಯಲ್ಲಿ ಕುಳಿತವನು. ಯಂತ್ರ ಎಂದರೆ ಎಲ್ಲ ಒಂದೇ ಎನ್ನುವವನು. ನಿಜಗುಣಪ್ಪನ ಮಾಳಿಗೆಯನ್ನು ದಿಟ್ಟಿಸಿ ನೋಡಿ ಅವನು ತೀರ್ಪು ಕೊಟ್ಟ.

"ಬಾವಿಗೆ ಇಟ್ಟ ಮೋಟರ್ ನೀರ ಎಳೀತೈತಿಲ್ಲೋ? ಹಂಗ ಇದೂ ಎಳೀತೈತಿ. ಆದ್ರ ಇದನ್ನ ತಲಿಕೆಳಗ ಕೂಡಿಸೀರಿ ಮಾಸ್ತರ, ಹಿಂದಕ್ಕ ಎಳ್ಯಾಕತ್ತೈತಿ."

ಮರೆವ್ವನಿಗೆ ಇಷ್ಟು ಯಂತ್ರಜ್ಞಾನವೂ ಬೇಕಾಗಿರಲಿಲ್ಲ. ಅಂಥ ಸಪ್ಪಳ ಕೇಳಿದರೆ ಮನುಷ್ಯರೇ ನಿಲ್ಲುವುದಿಲ್ಲ, ಇನ್ನು ನೀರು ನಿಲ್ಲುತ್ತದೆಯೇ ಎಂದು ಅವಳ ವಾದ. ನಿಜಗುಣಪ್ಪನಿಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ವೈರು ಹಿಡಿದವನು ಇಂಥ ಮಾತು ಕೇಳಿ ಸುಮ್ಮನಿರುವುದುಂಟೇ? ಪ್ರಯೋಗ ಮಾಡಿಯೇ ತೋರಿಸುತ್ತೇನೆಂದ. ಬಕೀಟಿನ ವೈರು ಕಿತ್ತುಹಾಕಿ, ಓಣಿಯವರನ್ನೆಲ್ಲ ಮರೆವ್ವನ ನಳದ ಸುತ್ತ ನಿಲ್ಲಿಸಿದ. ಹತ್ತೂವರೆಗೆ ನೀರು ಬಂತು. ಗಂಟೆಯಿಲ್ಲ, ಏನಿಲ್ಲ, ದಂಡಿಯಾಗಿ ಬಂತು. ಮರೆವ್ವ ಕೊಡವನ್ನು ಇಡಲು ಹೋದರೆ, ಪ್ರಯೋಗ ಮುಗಿಯುವವರೆಗೆ ಯಾರೂ ಮುಟ್ಟಬಾರದೆಂದು ಅವಳ ಕೈ ತಡೆದ. ಆಮೇಲೆ ಮಾಳಿಗೆ ಹತ್ತಿ, ಈಗ ನೋಡ್ರಿ ಎಂದು ತಾನೇ ಎರಡು ವೈರು ಕೂಡಿಸಿ ಗಂಟೆ ಬಾರಿಸಿದ.

ಎಲ್ಲರೂ ನಳವನ್ನೇ ನೋಡುತ್ತ ನಿಂತರು. ನೀರು ಹೆಬ್ಬೆರಳ ದಪ್ಪವಿದ್ದದ್ದು ಕಿರುಬೆರಳಾಯಿತು, ಕಿರುಬೆರಳಿದ್ದದ್ದು ದಾರವಾಯಿತು, ದಾರವೂ ಹರಿಯಿತು. ಮಾಳಿಗೆಯ ಮೇಲೆ ವೈರು ಹಿಡಿದು ನಿಂತಿದ್ದ ನಿಜಗುಣಪ್ಪ ಅದನ್ನು ಕೈಬಿಟ್ಟ. ತನ್ನ ಗಂಟೆ ನೀರು ನುಂಗುತ್ತದೆಂದು ಅವನಿಗೂ ನಂಬಿಕೆಯಾಗಿಬಿಟ್ಟಿತು.

ಹನ್ನೆರಡರ ಬಸ್ಸಿಗೆ ಪದ್ಮವ್ವ ಬಂದಳು. ಜೊತೆಗೆ ಅವಳ ತಾಯಿ ರಾಯವ್ವ. ರಾಯವ್ವನ ಬಗಲಲ್ಲಿ ಕೂಸು. ಪದ್ಮವ್ವನ ಮುಖ ಅರಳಿತ್ತು. ಬಂದವಳೇ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಹಂಡೆಯಲ್ಲಿ ಇಣುಕಿದಳು, ಬ್ಯಾರಲ್ಲಿನಲ್ಲಿ ಇಣುಕಿದಳು, ಕೊನೆಗೆ ಗಂಡನ ಮುಖವನ್ನು ಇಣುಕಿ ನೋಡಿದಳು. ಮೂರರಲ್ಲೂ ಏನೂ ಇರಲಿಲ್ಲ. ಕೂಸು ಅದೇ ಹೊತ್ತಿಗೆ ಅಜ್ಜಿಯ ಸೀರೆಯನ್ನು ಒದ್ದೆ ಮಾಡಿತು. ರಾಯವ್ವ ಅಳಿಯನಿಗೆ ಎದುರುತ್ತರ ಕೊಡುವ ಹೆಂಗಸಲ್ಲ. ಸುಮ್ಮನೆ ಸೀರೆಯ ನೆರಿಗೆ ಹಿಡಿದು ನಿಂತು, ಸಂಗೊಳ್ಳಿಯ ಕಡೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.

"ಐದಕ್ಕ ಐತ್ರಿ," ಅಂದ ನಿಜಗುಣಪ್ಪ.

"ಐದರತನಾ ನೋಡೂಣು ಅಳಿಯಂದ್ರ. ನೀರ ಬಂದ್ರ ಮಗಳ ಇರತಾಳ. ಬರಲಿಲ್ಲಂದ್ರ ಕೂಸು ಸಾಯ್ಬಾರದಲ್ರಿ."

ನಿಜಗುಣಪ್ಪ ಮಾಳಿಗೆ ಹತ್ತಿ, ಮೂರು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ವೈರುಗಳನ್ನು ಕಿತ್ತ. ಗಂಟೆಯನ್ನು ಹೆಣದಂತೆ ಹೊತ್ತು ಇಳಿಸಿದ. ಅವನ ಮನೆಯಲ್ಲಿ ಇಡುವುದು ಬೇಡವೆಂದು ಮರೆವ್ವ ಅದನ್ನು ಹಳೆಯ ಕೌದಿಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎರಡೂವರೆಗೆ ನೀರು ಬಂತು. ಬಂತೆಂದರೆ ಎಂಥ ನೀರು! ಮೂರು ತಿಂಗಳ ಸಿಟ್ಟು ಮರೆತು ಪದ್ಮವ್ವ ಸೀರೆ ಎತ್ತಿ ಕಟ್ಟಿದಳು. ಹಂಡೆ ತುಂಬಿತು, ಬ್ಯಾರಲ್ ತುಂಬಿತು, ಕೊಡಗಳು ತುಂಬಿದವು, ಹಿತ್ತಾಳೆಯ ಚರಿಗೆಗಳೂ ತುಂಬಿದವು. ಕೂಸಿಗೆ ಬಿಸಿನೀರು ಎರೆದು ತೊಟ್ಟಿಲಿಗೆ ಹಾಕಿದರು. ರಾಯವ್ವ ತಾನು ತಂದ ಗಂಟು ಬಿಚ್ಚಿ, ಮಗಳ ಸೀರೆಗಳನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹೊಂದಿಸಿಟ್ಟಳು. ಪದ್ಮವ್ವ ಗಂಡನಿಗೆ ಚಹಾ ತಂದು ಕೊಟ್ಟು, ನಕ್ಕಳು. ಆ ನಗೆಯ ಮುಂದೆ ಗಂಟೆ ಯಾವ ಲೆಕ್ಕ ಎನ್ನಿಸಿತು ನಿಜಗುಣಪ್ಪನಿಗೆ.

ಚಹಾ ಮುಗಿಯಿತು. ನೀರು ಮುಗಿಯಲಿಲ್ಲ.

ಮೂರೂವರೆಗೆ ಓಣಿಯ ಪಾತ್ರೆಗಳೆಲ್ಲ ತುಂಬಿ, ನಳದ ಗುಂಡಿಗಳೂ ತುಂಬಿ ನೀರು ಅಂಗಳಕ್ಕೆ ಬಂತು. ಆ ನಳಗಳಿಗೆ ತಿರುಗಿಸುವ ಕಿವಿಗಳಿದ್ದದ್ದು ಯಾವ ಕಾಲಕ್ಕೋ. ಬಟ್ಟೆ ಸುತ್ತಿದ ಕಟ್ಟಿಗೆ ತುರುಕಿದರೆ ನೀರು ಅದನ್ನು ಉಗುಳುತ್ತಿತ್ತು. ನಾಲ್ಕಕ್ಕೆ ಓಣಿಯ ನೀರೆಲ್ಲ ಇಳಿಜಾರು ಹುಡುಕಿಕೊಂಡು ತುದಿಯ ಮನೆಗೆ ಬಂತು. ಬಾಗಿಲು ಮುಚ್ಚಿತ್ತು, ನಿಜ. ಆದರೆ ಹೊರಗೆ ನೇತಾಡುತ್ತಿದ್ದ ಉಸುಕಿನ ಡಬ್ಬಿ ನೀರಿನಲ್ಲಿ ತೇಲಿ ಮೇಲೆದ್ದಿತು. ಭಾರ ತಪ್ಪಿದ ಹಗ್ಗ ಸಡಿಲಾಯಿತು. ಬೀಗರನ್ನು ಬರಮಾಡಿಕೊಂಡ ಹಾಗೆ ಬಾಗಿಲು ತಾನಾಗಿಯೇ ತೆರೆದು, ಓಣಿಯ ನೀರನ್ನು ಕೆಸರು ಸಮೇತ ಒಳಗೆ ಬಿಟ್ಟುಕೊಂಡಿತು. ಮೊದಲು ತೋಯ್ದದ್ದು ಮಂಚದ ಕೆಳಗಿನ ಪೆಟ್ಟಿಗೆ.

ನಿಜಗುಣಪ್ಪ ಧೋತರ ಎತ್ತಿಕೊಂಡು ದಿನ್ನೆಯ ಮೇಲಿನ ನೀರಿನ ಟಾಕಿಗೆ ಓಡಿದ. ಟಾಕಿಯ ನೆರಳಲ್ಲಿ ಗಂಗಪ್ಪ ವಾಲಿನ ಕೀಲಿ ತೊಡೆಯ ಮೇಲಿಟ್ಟುಕೊಂಡು, ಒಂದು ಕಿವಿಯನ್ನು ಓಣಿಯ ಕಡೆಗೆ ತಿರುಗಿಸಿ ಕುಳಿತಿದ್ದ.

"ಬರ್ರಿ ಮಾಸ್ತರ. ನಿಮ್ಮ ಓಣ್ಯಾಗ ಇವತ್ತೇನ್ ಮದಿವಿ ಐತೇನ್ರಿ? ಒಂದೂವರಿ ತಾಸಾತು, ಇನ್ನೂ ಗಂಟಿ ಆಗವಲ್ದು."

ಯಾವ ಗಂಟೆ ಎಂದು ಕೇಳುವಷ್ಟು ಉಸಿರೂ ನಿಜಗುಣಪ್ಪನಲ್ಲಿ ಇರಲಿಲ್ಲ. ಗಂಗಪ್ಪನೇ ಬಿಡಿಸಿ ಹೇಳಿದ. ಅವನು ಮೊದಲು ಉಗರಗೋಳದಲ್ಲಿ, ಗುಡ್ಡದ ಜಾತ್ರೆಗೆ ಬರುವ ಭಕ್ತರ ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದನಂತೆ. ತೊಟ್ಟಿ ತುಂಬಿದ ಕೂಡಲೇ ಅಲ್ಲಿದ್ದವನು ತಾಟು ಬಡಿಯಬೇಕು, ಇವನು ವಾಲ್ ಬಂದ್ ಮಾಡಬೇಕು. ಅಲ್ಲಿಯ ಪದ್ಧತಿ ಅದು. ಬೈಲಹೊಂಗಲದಲ್ಲಿ ಅಂಥ ಬುದ್ಧಿ ಯಾರಿಗೂ ಇರಲಿಲ್ಲ. ನಿಜಗುಣಪ್ಪನ ಗಂಟೆ ಬೆಳಗ್ಗೆ ಕೇಳಿದಾಗ ಗಂಗಪ್ಪನ ಎದೆ ತುಂಬಿ ಬಂದಿತ್ತು.

"ತುಂಬಿತು ಅಂತ ಹೇಳಾಕ ಗಂಟಿ ಹಾಕೀರಿ, ಶಾಣ್ಯಾ ಮಂದಿ. ಆದ ಕೂಡಲೇ ಬಂದ್ ಮಾಡೇನ್ರಿ. ಟಾಕ್ಯಾಗ ನೀರ ಉಳೀತು, ಪಾಪ ಅಂತ ಮತ್ತ ಬಿಟ್ಟೆ. ಮತ್ತ ಲಗೂನ ತುಂಬಿತಲ್ಲ ನಿಮ್ಮದು."

ತುಂಬಿದೆ, ಮನೆಯೇ ತುಂಬಿದೆ, ಈಗ ಬಂದ್ ಮಾಡು ಎಂದು ನಿಜಗುಣಪ್ಪ ಕೈಮುಗಿದ. ಗಂಗಪ್ಪ ತಲೆಯಾಡಿಸಿದ. ಒಬ್ಬರ ಮಾತು ಕೇಳಿ ಬಂದ್ ಮಾಡಿದರೆ ನಾಳೆ ಮರೆವ್ವ ತನ್ನನ್ನು ಟಾಕಿಯ ಮೇಲೆ ಹತ್ತಿಸಿ ಕೆಳಗೆ ನೂಕುತ್ತಾಳೆಂದ. ಪದ್ಧತಿ ಅಂದರೆ ಪದ್ಧತಿ.

"ಗಂಟಿ ಬಾರಸ್ರಿ. ಬಂದ್ ಮಾಡತೇನಿ."

ನಿಜಗುಣಪ್ಪ ಬಂದ ದಾರಿಯಲ್ಲೇ ತಿರುಗಿ ಓಡಿದ. ಮೊಣಕಾಲುದ್ದ ನೀರಿನಲ್ಲಿ ನಿಂತು ಮರೆವ್ವನಿಗೆ ಗಂಗಪ್ಪನ ಸಂಗತಿಯನ್ನೆಲ್ಲ ಹೇಳಿದ. ಅವಳ ಕಿವಿಗೆ ಅದು ಬೀಳಲೇ ಇಲ್ಲ. ಗಂಟೆ ಬಾರಿಸಿದರೆ ನೀರು ನಿಲ್ಲುತ್ತದೆ ಎಂಬುದು ಬೆಳಗ್ಗೆಯೇ ಗೊತ್ತಾಗಿದ್ದ ಮಾತು. ಅಂಥ ಗಂಟೆಯನ್ನು ಇಷ್ಟೊತ್ತು ಟ್ರಂಕಿನಲ್ಲಿಟ್ಟು ಕೂತೆವಲ್ಲ ಎಂದು ಅವಳೇ ಹಲುಬಿಕೊಳ್ಳುತ್ತ ಕೀಲಿ ತೆಗೆದಳು. ಸೆಲ್ಲುಗಳು ಮನೆಯೊಳಗೆ ನೀರಲ್ಲಿ ಮುಳುಗಿದ್ದವು. ನಿಜಗುಣಪ್ಪ ಮಾಳಿಗೆ ಹತ್ತಿ ಒನಕೆಯಿಂದ ಗಂಟೆಯನ್ನು ಬಡಿದ. ಸಂಕಟ, ಸಿಟ್ಟು, ಮೂರು ತಿಂಗಳ ಒಂಟಿತನ, ಎಲ್ಲ ಸೇರಿಸಿ ಬಡಿದ. ನೀರು ನಿಂತಿತು.

ಓಣಿಗೆ ಓಣಿಯೇ ಕೈಮುಗಿಯಿತು. ಮರೆವ್ವ ಗಂಟೆಗೆ ಅರಿಷಿಣ ಕುಂಕುಮ ಹಚ್ಚಿದಳು. ಶಟ್ಟೆಪ್ಪ ಅಲ್ಲಿಯೇ ಗೊತ್ತು ಮಾಡಿದ: ಇನ್ನು ಮೇಲೆ ನೀರು ಸಾಕಾದಾಗ ಬಾರಿಸುವ ಕೆಲಸ ಮಾಸ್ತರರದು. ನೀರು ಬಂದದ್ದನ್ನು ಹೇಳಲು ಗಂಟೆ ಬಾರಿಸಿದರೆ ನೀರೇ ನಿಂತುಬಿಡುತ್ತದಲ್ಲ, ಅದಕ್ಕೆ ನಸುಕಿನಿಂದ ನಳದ ಮುಂದೆ ಕೂತು ಕಾಯುವ ಕೆಲಸವೂ ಅವರದೇ. ಹೇಗೂ ತುದಿಯ ಮನೆ ಅವರದು.

ನಿಜಗುಣಪ್ಪ ಒನಕೆ ಹಿಡಿದುಕೊಂಡೇ ಮನೆಗೆ ಬಂದ. ಒಳಗೆ ಪದ್ಮವ್ವನ ಮಣೆ ತೇಲಿಕೊಂಡು ನಡುಮನೆಗೆ ಬಂದಿತ್ತು. ರಾಯವ್ವ ಕೂಸನ್ನು ಎತ್ತಿಕೊಂಡು ಆಗಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಪದ್ಮವ್ವ ಒದ್ದೆ ಗಂಟನ್ನು ಹಿಂಡಿ ತಲೆಯ ಮೇಲೆ ಇಟ್ಟುಕೊಂಡಳು. ಅವಳಿಗೆ ಸಿಟ್ಟಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಬಾಗಿಲ ಬಳಿ ನಿಂತು, ಮನೆಯೊಳಗೆ ಮೊಣಕಾಲುದ್ದ ನಿಂತದ್ದನ್ನೊಮ್ಮೆ ನೋಡಿ, ಗಂಡನಿಗೆ ಮೆಲ್ಲಗೆ ಹೇಳಿದಳು:

"ನೀರ ಹೋದ ಮ್ಯಾಲ ಕಾಗದ ಬರೀರಿ. ಬರತೇನಿ."