ಮದುವೆ ಬಾಗಿಲಿನ ಈಡು

ಜೋಗುಪಾಳ್ಯದ ಮುನಿನಾರಾಯಣಪ್ಪನವರ ಕೋವಿ ಆ ಬೆಳಿಗ್ಗೆ ಹೊಡೆದದ್ದು ಅವರ ಮೂಗಿಗೇ! ಗುಂಡಲ್ಲ, ಸೀಗೆಪುಡಿ ಕದಡಿದ ಬಿಸಿನೀರು. ನಳಿಗೆಯ ಬಾಯಿಗೆ ಸುರಿದ ನೀರು ಬುಡದ ತೂತಿನಿಂದ ಹೊರಗೆ ಹೋಗಬೇಕಿತ್ತು. ಬಟ್ಟೆ ಸುತ್ತಿದ ಕಬ್ಬಿಣದ ಕಡ್ಡಿ ಇಳಿಸಿ ಒತ್ತಿದ್ದೇ ತಡ, ಅದು ಬಂದ ದಾರಿಯಲ್ಲೇ ಮೇಲಕ್ಕೆ ಚಿಮ್ಮಿ, ಅವರ ಮೀಸೆ ತೊಳೆದು, ತಾರಸಿಯಲ್ಲಿ ಒಣಗುತ್ತಿದ್ದ ಸಂಡಿಗೆಗೆಲ್ಲ ತುಕ್ಕಿನ ಬಣ್ಣ ಬಳಿಯಿತು.

"ಹಂದಿ ಹೊಡೆಯೋ ಕೋವೀಲಿ ಸಂಡಿಗೆ ಬೇಟೆ ಆಡಿದ್ರಾ?" ಎಂದರು ಪತ್ನಿ ಆಂಜನಮ್ಮ.

"ಸುಮ್ನಿರೇ! ಇದು ಸೈಂಟಿಫಿಕ್ ಕ್ಲೀನಿಂಗು!"

ಈ ವಿಜ್ಞಾನದ ಹಿಂದೆ ಒಂದು ಭಯವಿತ್ತು. ತೊಂಬತ್ತೊಂಬತ್ತರ ಚುನಾವಣೆ ಬಂದಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಕಳೆದ ಸಲ ಠಾಣೆಯವರು ನಳಿಗೆಯೊಳಗೆ ಬೆರಳಾಡಿಸಿ, "ಇನ್ನೊಂದ್ ಸಲ ಹಿಂಗೆ ತುಕ್ಕು ಹಿಡಿಸಿ ತಂದ್ರೆ ವಾಪಸ್ ಸಿಗಲ್ಲ ಸಾರ್, ಲೈಸೆನ್ಸು ಕ್ಯಾನ್ಸಲ್ಲು" ಎಂದಿದ್ದರು. ಕೆ.ಆರ್. ಪುರದ ರಾಗಿಹೊಲ ಲೇಔಟಾಗಿತ್ತು, ಎತ್ತಿನ ಗಾಡಿ ಸೌದೆಯಾಗಿತ್ತು, ಅಪ್ಪ ಫೋಟೋ ಆಗಿದ್ದರು. ಅಪ್ಪನ ಕೈ ಹಿಡಿದ ಗುರುತು ಉಳಿದಿದ್ದದ್ದು ಈ ಕೋವಿಯ ಮರದ ಹಿಡಿಯ ಮೇಲೆ ಮಾತ್ರ. ಅದೂ ಹೋದರೆ?

ಅದಕ್ಕೇ ಹಿಂದಿನ ದಿನ ಅವರು ಊಟದ ತಟ್ಟೆಯ ಮುಂದೆ ಭೀಷಣ ಪ್ರತಿಜ್ಞೆ ಮಾಡಿದ್ದರು: "ನಾಳೆ ಈ ನಳಿಗೇಲಿ ಇನ್‌ಸ್ಪೆಕ್ಟರು ಮುಖ ನೋಡ್ಕೊಂಡು ಕ್ರಾಪ್ ತೆಗೀಬೇಕು, ಹಂಗೆ ಹೊಳೆಸ್ತೀನಿ!"

ಕಾನ್ವೆಂಟಿನಲ್ಲಿ ಓದಿದವರು. ಶಿವಾಜಿನಗರದ ಹಳೇ ಪುಸ್ತಕದ ರಾಶಿಯಿಂದ ಕೋವಿಯ ಇಂಗ್ಲಿಷ್ ಪುಸ್ತಕವನ್ನೇ ಹೆಕ್ಕಿ ತಂದು ಹೆಂಡತಿಗೆ ಪಾಠ ಶುರುಮಾಡಿದ್ದರು.

"ಇದು ಬರೀ ಕೋವಿ ಅಲ್ಲ ಕಣೇ, ರೈಫಲ್ಲು. ಒಳಗೆ ಸುತ್ತುಗೀರು ಐತೆ. ಹಿಂದುಗಡೆ ಬಾಗಿಲೇ ಇಲ್ಲ, ಬುಡಕ್ಕೆ ತಿರುಪಿನ ಬಿರಡೆ. ಮದ್ದು, ಗುಂಡು, ಕಸ ಗುಡಿಸೋದು, ಎಲ್ಲಾ ಬಾಯಿಂದ್ಲೇ. ಬುಡದ ಪಕ್ಕ ಒಂದು ಸಣ್ಣ ತೂತು, ಅದರ ಮೇಲೆ ಈ ತೊಟ್ಟು. ತೊಟ್ಟಿಗೆ ಸಿಡಿಯೋ ಕೇಪು ಕೂರಿಸಿ ಕುದುರೆ ಎಳೆದ್ರೆ ಕಿಡಿ ಒಳಗೆ ಹೋಗುತ್ತೆ, ಢಂ! ನಮ್ಮ ಮದುವೇಲಿ ಹಾರ್ಲಿಲ್ವಾ, ಹಂಗೆ."

ಮದುವೆಯ ಆ ಈಡಿನ ಕಥೆ ಹಲಸೂರು ಕೆರೆಯ ಸುತ್ತಮುತ್ತ ಕೇಳದವರಿಲ್ಲ. ಹೊಸ ಸೊಸೆ ಬಾಗಿಲಿಗೆ ಬಂದಾಗ ಅಪ್ಪ ಆಕಾಶಕ್ಕೆ ಹಾರಿಸಿದ ಈಡಿಗೆ ಕಾಗೆಗಳು ಎದ್ದು ವೈಟ್‌ಫೀಲ್ಡಿನಲ್ಲಿ ಇಳಿದವಂತೆ! ಕಥೆ ಬಂದಾಗಲೆಲ್ಲ ಆಂಜನಮ್ಮ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ನಾಚಿಕೆ ಎಂದುಕೊಂಡಿದ್ದರು ಮುನಿನಾರಾಯಣಪ್ಪ.

ಈಗ ಕಡ್ಡಿ ಬುಡ ಮುಟ್ಟುತ್ತಿರಲಿಲ್ಲ. ಇನ್ನೂ ಗೇಣುದ್ದ ಇರುವಾಗಲೇ ನಿಂತಿತ್ತು.

"ಪುಸ್ತಕದಲ್ಲೈತೆ. ಕೆಲವು ನಳಿಗೆ ಬುಡದಲ್ಲಿ ಕಿರಿದಾಗುತ್ತಂತೆ. ಸ್ವಲ್ಪ ಒತ್ಬೇಕು ಅಷ್ಟೇ."

ಒತ್ತಿದರು. ಬಟ್ಟೆ ಕಚ್ಚಿಕೊಂಡಿತು. ಎಳೆದರು, ಬರಲಿಲ್ಲ. ಕೋವಿಯನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿ ಗಂಡಹೆಂಡತಿ ಇಬ್ಬರೂ ಜಗ್ಗಿದರು. ಕೈ ಜಾರಿ ಇಬ್ಬರೂ ಸಂಡಿಗೆಯ ಮೇಲೆ ಕೂತರು!

"ಕೋವಿಗೆ ಮದ್ದು ಸಿಗುತ್ತೆ, ನಿಮ್ಮ ಮೊಂಡುತನಕ್ಕೆ ಎಲ್ಲಿ ತರ್ಲಿ?" ಎನ್ನುತ್ತ ಆಂಜನಮ್ಮ ಎದ್ದರು. ಆದರೆ ಗಂಡ ಏಳಲಿಲ್ಲ. ಕಡ್ಡಿ ಚಾಚಿಕೊಂಡಿದ್ದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, "ಸಂಜೆಯೊಳಗೆ ಕೊಡ್ಬೇಕು. ಹಿಂಗೆ ಕೊಟ್ರೆ ಕಿತ್ಕೋತಾರೆ. ಅಪ್ಪನ್ನ ಇನ್ನೊಂದ್ ಸಲ ಕಳಿಸ್ಕೊಟ್ಟಂಗೆ ಆಗುತ್ತೆ" ಎಂದರು.

ಆಂಜನಮ್ಮ ಸೆರಗಿನಿಂದ ಅವರ ಮೀಸೆ ಒರೆಸಿ, ತಾರಸಿಯ ಅಂಚಿಗೆ ಹೋಗಿ ಕೂಗಿದರು. ಕೆಳಗಿನ ಮಳಿಗೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಬಾಡಿಗೆದಾರ ಹಬೀಬ್ ಮೇಲೆ ಬಂದ.

"ಫಿಕರ್ ಬಿಡಿ ಅಣ್ಣಾ. ಎಳೆದ್ರೆ ಬರ್ದೇ ಇದ್ರೆ ಹಿಂದಿಂದ ತಳ್ಳಾದು. ಗಾಡಿಗೆ ಗ್ರೀಸ್ ತುಂಬೋ ಗ್ರೀಸ್ ಗನ್ ಐತೆ ನಮ್ದು."

"ಗನ್ನಿಗೇ ಗನ್ನಾ?"

"ಟ್ರೈ ಮಾಡಾದು ಅಣ್ಣಾ. ಹಾಳಾದ್ರೆ ಬಾಡಿಗೆ ಜಾಸ್ತಿ ಮಾಡ್ಬಿಡಿ!"

ತೊಟ್ಟನ್ನು ತಿರುಚಿ ಬಿಚ್ಚಿ, ಆ ತೂತಿಗೆ ಗ್ರೀಸ್ ಗನ್ನಿನ ಮೂತಿ ಒತ್ತಿಹಿಡಿದು ಹಬೀಬ್ ಪಂಪು ಮಾಡತೊಡಗಿದ. ಕಡ್ಡಿ ಅಂಗುಲ ಅಂಗುಲವಾಗಿ ತಾನೇ ಹೊರಬಂತು. "ಅಯ್ಯೋ, ಚಕ್ಕುಲಿ ಒರಳು!" ಎಂದು ಆಂಜನಮ್ಮ ಚಪ್ಪಾಳೆ ತಟ್ಟಿದರು. ಕಡ್ಡಿಯ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ಒಂದು ಗಟ್ಟಿ ಉಂಡೆ, ಅದರ ಹಿಂದೆ ಕರೀ ಕೆಸರಿನಂಥ ಒದ್ದೆ ಮದ್ದು! ಆಮೇಲೆ ಸೀಗೆನೀರು ಸುರಿದು, ಉಜ್ಜಿ, ಮತ್ತೆ ಸುರಿದರೆ ಬುಡದ ತೂತಿನಿಂದ ತಿಳಿಯಾಗಿ ಧಾರೆ ಇಳಿಯಿತು.

"ಪಾಸ್ ಅಣ್ಣಾ! ಈಗ ಠಾಣೆಗೆ ನಡೀರಿ" ಎಂದು ಹಬೀಬ್ ಕೆಳಗಿಳಿದ.

ಮುನಿನಾರಾಯಣಪ್ಪ ಮಾತ್ರ ಆ ಉಂಡೆಯನ್ನೇ ನೋಡುತ್ತಿದ್ದರು. ಬಿಡಿಸಿದರೆ ಬಟ್ಟೆಯ ಚೂರು. ಮಡಿಕೆಯೊಳಗೆ ಇನ್ನೂ ಹಸಿರು, ಅಂಚಿಗೆ ಅರಿಶಿನ.

"ಮದ್ದು ಉದುರದಂಗೆ ಮೇಲೆ ಜಡಿಯೋ ಬಟ್ಟೆ ಇದು. ಅಂದ್ರೆ ಕೋವಿ ಇಷ್ಟು ವರ್ಷ ತುಂಬ್ಕೊಂಡೇ ಇತ್ತಾ? ನಮ್ಮ ಮಂಚದ ಮೇಲಿನ ಗೂಟದಲ್ಲಿ?"

ಆಂಜನಮ್ಮ ಚೂರನ್ನು ಕೈಗೆ ತಗೊಂಡು ತುಂಬ ಹೊತ್ತು ಸವರಿದರು. "ಇದು ನನ್ನ ಮಡಿಲಕ್ಕಿ ಬಟ್ಟೆ. ಬಾಗಿಲಲ್ಲೇ ಮಾವ ಅಂಚು ಹರ್ಕೊಂಡು ಕೋವಿಗೆ ಜಡಿದ್ರು. ಆಮೇಲೆ ಖಾಲಿ ಮಾಡಿರ್ತಾರೆ ಅಂದ್ಕೊಂಡಿದ್ದೆ."

"ಹಂಗಾದ್ರೆ ಅವತ್ತು ಹಾರಿದ್ದೇನು?"

"ಕೇಪು ಟಿಕ್ ಅಂತು, ಅಷ್ಟೇ. ಮದ್ದು ಹತ್ಕೊಳ್ಳಲೇ ಇಲ್ಲ. ಮಾವ ನನ್ನ ಮುಖ ನೋಡಿದ್ರು, ಪಾಪ ಕಣ್ಣಲ್ಲಿ ನೀರು. ತಕ್ಷಣ ಬಾಯಲ್ಲೇ 'ಢಂ!' ಅಂದ್ರು. ತಮಟೆಯವರು ಅದನ್ನೇ ಹಿಡ್ಕೊಂಡು ಬಾರಿಸಿದ್ರು. 'ನನ್ನ ಮಗನಿಗೆ ಹೇಳ್ಬೇಡ ತಾಯಿ, ಬೇಜಾರ್ ಮಾಡ್ಕೋತಾನೆ' ಅಂತ ಕಿವೀಲಿ ಹೇಳಿದ್ರು. ನಾನು ಹೇಳ್ಲಿಲ್ಲ."

ಆಯುಧಪೂಜೆಗೆ ಅಪ್ಪ ಕೋವಿಯ ಹೊರಮೈಯನ್ನಷ್ಟೇ ಒರೆಸಲು ಬಿಟ್ಟು, "ಒಳಗಿಂದು ನಾನು ನೋಡ್ಕೋತೀನಿ" ಎನ್ನುತ್ತಿದ್ದದ್ದು ಯಾಕೆಂದು ಮುನಿನಾರಾಯಣಪ್ಪನವರಿಗೆ ಈಗ ಹೊಳೆಯಿತು. ನಗುತ್ತಲೇ ಕೋವಿಯ ಮರದ ಹಿಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದರು. ಆದರೂ ಒಂದು ಅನುಮಾನ ಉಳಿಯಿತು.

"ಅಲ್ವೇ, ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ನಂಗ್ಯಾಕೆ ಗೊತ್ತಾಗ್ಲಿಲ್ಲ?"

"ಎಲ್ಲಿ ಪಕ್ಕದಲ್ಲಿ?" ಎಂದರು ಆಂಜನಮ್ಮ. "ಎರಡೂ ಕಿವಿಗೆ ಬೆರಳಿಟ್ಕೊಂಡು, ಕಣ್ಣು ಮುಚ್ಕೊಂಡು, ನನ್ನ ಬೆನ್ನ ಹಿಂದೆ ಬಗ್ಗಿದ್ರಿ!"