ನ್ಯಾಮತಿಯ ಹೈಬ್ರಿಡ್ ಗಿಟಾರು

ನಮ್ಮತ್ತೆಯ ಕೈಗೆ ಸಿಕ್ಕ ಯಾವ ಸಾಮಾನೂ ತಂತಿ ಸುತ್ತಿಸಿಕೊಳ್ಳದೆ ಆ ಮನೆಯಿಂದ ಹೊರಗೆ ಹೋದದ್ದಿಲ್ಲ. ಬಿರುಕು ಬಿಟ್ಟ ಸೌಟಿನ ಹಿಡಿ, ಕಾಲು ಮುರಿದ ಕನ್ನಡಕ, ನನ್ನ ಕೊಡೆಯ ಕಡ್ಡಿ, ಎಲ್ಲದರ ಮೇಲೂ ತಾಮ್ರದ ತಂತಿ, ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಕೊಂಡು, ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ. ಬಾಣಂತಿಯ ಸೊಂಟಕ್ಕೆ ಬಟ್ಟೆ ಸುತ್ತು ಅಂದರೂ ನಮ್ಮಕ್ಕ ತಂತಿಯನ್ನೇ ಹುಡುಕುತ್ತಾಳೆ ಎಂದು ಅಪ್ಪ ನಗುತ್ತಿದ್ದ.

ಅತ್ತೆ ಅಪ್ಪನ ಅಕ್ಕ. ನ್ಯಾಮತಿಯಲ್ಲಿ ಮನೆಯ ಮುಂಭಾಗದಲ್ಲೇ ಅವರದು ಮೋಟಾರು ವೈಂಡಿಂಗ್ ಅಂಗಡಿ. ತೋಟದ ಪಂಪಿನ ಮೋಟಾರು ಸುಟ್ಟರೆ ಒಳಗಿನ ಕರಕಲು ತಂತಿ ಕಿತ್ತು ಹೊಸದು ಸುತ್ತಿಕೊಡುವ ಕೆಲಸ. ಬೋರ್ಡಿನ ಮೇಲೆ ಮಾವನ ಹೆಸರಿತ್ತು. ಆದರೆ ಮಾವನನ್ನು ಅಂಗಡಿಯಲ್ಲಿ ಕಂಡವರು ಯಾರು? ಅವರು ನಾಟಕದ ಪೇಟಿ ಮಾಸ್ತರು. ಸುಗ್ಗಿ ಮುಗಿದರೆ ಸಾಕು, ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸಿ ಇವತ್ತು ಚನ್ನಗಿರಿ ಕಡೆಯ ಹಳ್ಳಿ, ನಾಳೆ ಜಗಳೂರು ಕಡೆಯದು. ಮದುವೆಯಾದ ಎರಡು ವರ್ಷಕ್ಕೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಮೋಟಾರಿನ ಮುಂದೆ ಕೂತಳಂತೆ. ಹೆಣ್ಣು ಸುತ್ತಿದ ಮೋಟಾರು ನೀರೆತ್ತುತ್ತದೆಯೇ ಎಂದು ಅನುಮಾನಪಟ್ಟವರೇ ಆಮೇಲೆ ಬೇರೆಯವರ ಕೈಗೆ ಕೊಡಲು ಒಪ್ಪುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನನಗೆ ನ್ಯಾಮತಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅತ್ತೆಯ ಮನೆಯಲ್ಲೇ ಉಳಿದೆ. ನಾನು ಹೋಗುವ ಹೊತ್ತಿಗೆ ಮಾವನಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಾಯಿ ಸ್ವಲ್ಪ ಸೊಟ್ಟಗಾಗಿ ಮಾತು ತೊದಲುತ್ತಿತ್ತು. ಪ್ರಯತ್ನ ಮಾಡಿದರೆ ಮಾತು ಬರುತ್ತದೆ, ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ರಂಗದ ಪಕ್ಕ ಕೂತು ನಾಲ್ಕು ಊರಿಗೆ ಕೇಳುವ ಹಾಗೆ ಹಾಡುತ್ತಿದ್ದ ಮನುಷ್ಯ ಆ ತೊದಲನ್ನು ತಾವೇ ಕೇಳಿಸಿಕೊಂಡು ನಾಚಿದರು. ಬಾಯಿ ಮುಚ್ಚಿದರು. ನೀರು ಬೇಕಾದರೆ ಚೊಂಬು ತೋರಿಸುವುದು, ಬೇಡವಾದರೆ ಗೋಡೆಯ ಕಡೆ ತಿರುಗುವುದು, ಇಷ್ಟೇ. ಅತ್ತೆ ಒಮ್ಮೆ ಪೇಟಿಯನ್ನು ಮಂಚದ ಹತ್ತಿರ ತಂದಿಟ್ಟು, "ಗಾಳಿ ನಾ ಹೊಡೀತೀನಿ, ನೀವು ಬಲಗೈಲಿ ಬಾರಿಸ್ರಿ" ಅಂದಿದ್ದಳು. ಮಾವ ಅದನ್ನು ನೋಡಿ ಅತ್ತುಬಿಟ್ಟರು. ಪೇಟಿ ಅಟ್ಟ ಸೇರಿತು.

ಹೀಗಿರುವಾಗ ಒಂದು ಮಧ್ಯಾಹ್ನ ಆರ್ಕೆಸ್ಟ್ರಾದ ಒಬ್ಬ ತರುಣ ಅಂಗಡಿಗೆ ಬಂದ. ಉದ್ದ ಕೂದಲು, ಗಂಟೆಯಂತೆ ಅಗಲವಾದ ಪ್ಯಾಂಟು, ಕೈಯಲ್ಲಿ ಕೆಂಪು ಎಲೆಕ್ಟ್ರಿಕ್ ಗಿಟಾರು. ಸಂಜೆ ಹೊನ್ನಾಳಿಯಲ್ಲಿ ಮದುವೆ ಕಾರ್ಯಕ್ರಮ, ಗಿಟಾರು ಮೂಕವಾಗಿದೆ, ರೇಡಿಯೋ ರಿಪೇರಿಯವನ ಅಂಗಡಿ ಮುಚ್ಚಿದೆ.

"ಇದ್ರಾಗೆ ಎಂಥ ಮೋಟ್ರು ಐತಪ್ಪ?" ಎಂದಳು ಅತ್ತೆ.

ಬಿಚ್ಚಿ ನೋಡಿದರೆ ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಜೇಡರ ಬಲೆಯಂಥ ತಂತಿಯ ಸುರುಳಿ, ತಂತಿಯ ತುದಿ ತುಂಡಾಗಿದೆ. ಅತ್ತೆಯ ಮುಖದಲ್ಲಿ ಆಗ ಕಂಡ ನಿರಾಶೆಯನ್ನು ನಾನು ಮರೆಯಲಾರೆ. "ಇಷ್ಟೇನಾ?" ಅಂದಳು. ಕನ್ನಡಕ ಮೂಗಿನ ತುದಿಗೆ ತಂದು ಗಳಿಗೆಯಲ್ಲಿ ಬೆಸೆದು ಕೊಟ್ಟಳು. ಹುಡುಗ ತನ್ನ ಸಣ್ಣ ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ತಂತಿಗಳ ಮೇಲೆ ಒಮ್ಮೆ ಕೈಯಾಡಿಸಿದ. ಅಂಗಡಿಯ ತಗಡೆಲ್ಲ ಝಣಗುಟ್ಟಿತು.

ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು.

"ಶ್ರುತಿ... ಶ್ರುತಿ ಇಲ್ಲ ಅದಕ್ಕೆ."

ತೊದಲಿದರೂ ಮಾತು ಸ್ಪಷ್ಟವಾಗಿತ್ತು. ಅತ್ತೆಯ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಹುಡುಗ ಬೆಪ್ಪಾಗಿ ಗಿಟಾರಿನ ಕಿವಿ ತಿರುವಿ ಶ್ರುತಿ ಸರಿಮಾಡಿಕೊಂಡ. ಅವನು ಹೋದ ಮೇಲೆ ಅತ್ತೆ ಮಂಚದ ಹತ್ತಿರ ಹೋಗಿ, "ಏನಂದ್ರಿ? ಇನ್ನೊಂದ್ಸಲ ಅನ್ರಿ" ಎಂದು ಮೂರು ಬಾರಿ ಕೇಳಿದಳು. ಮಾವ ಗೋಡೆಯ ಕಡೆ ತಿರುಗಿದರು.

ಮರುದಿನವೇ ಅತ್ತೆ ಬಡಗಿ ಆಚಾರ್ರನ್ನು ಕರೆಸಿದಳು. ಮಾವ ಊಟಕ್ಕೆ ಕೂರುತ್ತಿದ್ದ ಹಲಸಿನ ಮಣೆಯನ್ನೂ, ಹಳೇ ತೇಗದ ಬಾಗಿಲ ಚೌಕಟ್ಟಿನ ಒಂದು ತುಂಡನ್ನೂ ಮುಂದಿಟ್ಟು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದಳು. ಆಚಾರ್ರು ಬಹಳ ಹೊತ್ತು ನೋಡಿದರು.

"ಈಳಿಗೆ ಮಣೆ ಏನ್ರಿ ಅಕ್ಕಾರೆ? ಕುತ್ತಿಗೆ ಇಷ್ಟುದ್ದ ಯಾಕೆ? ಕುಂಬಳಕಾಯಿ ಹೆಚ್ಚಾಕಾ?"

"ಗಿಟಾರು."

"ಯಾರು ಬಾರಿಸಾಕೆ?"

ಅತ್ತೆ ಕೈಗಂಟಿದ ಸುಣ್ಣ ಕೊಡವಿಕೊಂಡು ಮೋಟಾರಿನ ಮುಂದೆ ಕೂತಳು. ಕೊಡದ ಉತ್ತರಕ್ಕೆ ಊರು ತಾನೇ ಬಗೆಬಗೆಯ ಉತ್ತರ ಕಟ್ಟಿಕೊಂಡಿತು. ಗಂಡನ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದರು ಕೆಲವರು. ಮೇಡಂ ಅವರನ್ನೇ ಸಿನಿಮಾಕ್ಕೆ ಸೇರಿಸಲಿಕ್ಕೆ ಎಂದರು ಇನ್ನು ಕೆಲವರು. ಮೇಡಂ ಎಂದರೆ ನಾನು! ಎರಡು ವಾರ ಶಾಲೆಯಲ್ಲಿ ತಲೆಯೆತ್ತಿ ನಡೆಯಲಾಗಲಿಲ್ಲ.

ಕೆಲಸ ಆರು ತಿಂಗಳು ನಡೆಯಿತು. ಹಗಲೆಲ್ಲ ಮೋಟಾರು, ಮಧ್ಯೆ ಬಿಡುವಾದಾಗ ಗಿಟಾರು. ಸೈಕಲ್ ಡೈನಮೋ ಒಡೆದು ಅಯಸ್ಕಾಂತ ತೆಗೆದಳು. ಕೆಟ್ಟ ರೇಡಿಯೋದ ಒಳಗಿನಿಂದ ಕೂದಲಿನಂಥ ತಂತಿ ಬಿಡಿಸಿ ಅದಕ್ಕೆ ಸಾವಿರಾರು ಸುತ್ತು ಸುತ್ತಿದಳು. ಸುತ್ತುವಾಗ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆಂದು ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಅಷ್ಟು ಸಾಲದೆಂದು ಹಳೇ ರೆಕಾರ್ಡ್ ಪ್ಲೇಯರಿನಲ್ಲಿ ಮುಳ್ಳು ಕೂರಿಸುವ ಪುಟ್ಟ ತಲೆಯನ್ನು ಕಿತ್ತು ಗಿಟಾರಿನ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ, ಮರಕ್ಕೆ ತಾಗಿಸಿ ಅಂಟಿಸಿದಳು.

ಕತ್ತಲಗೆರೆಯಿಂದ ಸುಟ್ಟ ಮೋಟಾರನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದ ರೈತನೊಬ್ಬ ಕಾಯುತ್ತ ಕೂತಿದ್ದ. "ಎರಡು ಯಾಕಕ್ಕಾರೆ?" ಎಂದು ಕೇಳಿದ.

"ಇದು ತಂತಿ ಅಲುಗೋದು ಕೇಳಿಸ್ಕೊಂತೈತೆ. ಅದು ಮರ ಅಲುಗೋದು ಕೇಳಿಸ್ಕೊಂತೈತೆ. ಎರಡು ದನಿನೂ ಕೂಡಿಸಿದ್ರೆ ಪೇಟಿ ಹಂಗೆ ತುಂಬಿ ಬರ್ತೈತೇನೋ ನೋಡಾನ."

"ಹಂಗಾರೆ ಇದು ಹೈಬ್ರಿಡ್ ಜೋಳ ಇದ್ದಂಗೆ" ಎಂದ ಅವನು, ಪೂರ್ತಿ ಗಂಭೀರವಾಗಿ. "ಇಳುವರಿ ಜಾಸ್ತಿ ಕೊಡ್ತೈತೆ ಬಿಡ್ರಿ. ರುಚಿ ಮಾತ್ರ ಹೇಳಾಕಾಗಲ್ಲ." ಆವತ್ತಿನಿಂದ ಅದು ಹೈಬ್ರಿಡ್ ಗಿಟಾರು.

ಕುತ್ತಿಗೆಯ ಮೇಲೆ ಬೆರಳೊತ್ತುವ ಮನೆಗಳಿಗೆ ಸೈಕಲ್ ಕಡ್ಡಿಯನ್ನು ಹನ್ನೆರಡು ತುಂಡು ಮಾಡಿದಳು. ಮರದಲ್ಲಿ ಸಣ್ಣ ಸಣ್ಣ ಸೀಳು ತೆಗೆದು ಗಟ್ಟಿಯಾಗಿ ಹೊಡೆದು ಕೂರಿಸುತ್ತೇನೆ ಎಂದರು ಆಚಾರ್ರು. ಬೇಡ, ಮೋಟಾರಿನ ಸುರುಳಿ ಬಿಗಿಯುವ ದಾರದಲ್ಲೇ ಕಟ್ಟುತ್ತೇನೆ ಎಂದಳು ಅತ್ತೆ. ಕಟ್ಟಿದಳು ಕೂಡ, ಮೋಟಾರಿನ ಒಳಗಿನ ಸಂದುಗಳ ಹಾಗೆ ಒಂದಕ್ಕೊಂದು ಸಮ ದೂರದಲ್ಲಿ. ಪಕ್ಕದಲ್ಲಿ ಬಿಳಿ ಬಣ್ಣದಿಂದ ಒಂದರಿಂದ ಹನ್ನೆರಡರವರೆಗೆ ನಂಬರು ಬರೆದಳು.

ಮೊದಲ ಸಲ ವೈರನ್ನು ಹಳೇ ರೇಡಿಯೋಕ್ಕೆ ಸಿಕ್ಕಿಸಿದಾಗ ಗಿಟಾರು ಕೃಷಿ ವಾರ್ತೆ ಓದಿತು. ಸುಳ್ಳಲ್ಲ, ಸ್ಟೇಷನ್ನು ತಿರುಗಿಸದೆಯೇ ಗಿಟಾರಿನೊಳಗಿನ ಸುರುಳಿಯೇ ಏರಿಯಲ್ಲಾಗಿ ಭತ್ತಕ್ಕೆ ಬರುವ ಬೆಂಕಿ ರೋಗದ ವಿಚಾರ ಪೂರ್ತಿ ಬಂತು. ಕ್ಷೌರದ ಅಂಗಡಿಯಿಂದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತರಿಸಿ ಒಳಗೆಲ್ಲ ಹೊದಿಸಿದ ಮೇಲೆ ವಾರ್ತೆ ನಿಂತಿತು. ನಾನು ದಾವಣಗೆರೆಯಿಂದ ತಂದುಕೊಟ್ಟ ತಂತಿಗಳನ್ನು ಬಿಗಿದು, ಅತ್ತೆ ಮಾವನ ಮಂಚದ ಎದುರೇ ಚಾಪೆ ಹಾಕಿಕೊಂಡು ಕೂತಳು. ಒಂದನೇ ಮನೆಯಿಂದ ಹನ್ನೆರಡನೇ ಮನೆಯವರೆಗೆ ಒತ್ತುತ್ತ, ಮೀಟುತ್ತ ಹೋದಳು.

ಬಾಲ ತುಳಿಸಿಕೊಂಡ ಬೆಕ್ಕು ಕೂಡ ಅದಕ್ಕಿಂತ ಸ್ವರಕ್ಕೆ ಹತ್ತಿರವಿರುತ್ತದೆ. ಮಾವ ಕಣ್ಣು ಮುಚ್ಚಿದರು. ಹಲ್ಲು ಕಚ್ಚಿದರು. ಅತ್ತೆ ಮತ್ತೆ ಒಂದನೇ ಮನೆಯಿಂದ ಶುರು ಮಾಡಿದಳು. ಮೂರನೇ ಸಲಕ್ಕೆ ಮಾವನಿಗೆ ತಡೆಯಲಾಗಲಿಲ್ಲ.

"ನಿಲ್ಸು" ಅಂದರು. "ಮನೆ... ಮನೆಗಳು ಸಮ ಇರಬಾರ್ದು. ಮೇಲೆ ಹೋದಂಗೆ... ಹತ್ರ ಹತ್ರ... ಬರ್ಬೇಕು."

ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬೆವರಿಳಿಯಿತು. ಅತ್ತೆ ಅವರ ಮುಖ ನೋಡದೆ, "ಎಲ್ಲಿ ಬರ್ಬೇಕು, ನೀವೇ ಹೇಳ್ರಿ. ನನಗೇನು ಗೊತ್ತು?" ಎಂದಳು.

ಹನ್ನೆರಡು ಮನೆ ಕೂರಿಸಲು ತಿಂಗಳಾಯಿತು. ಅತ್ತೆ ದಾರ ಸಡಿಲಿಸಿ ಕಡ್ಡಿಯನ್ನು ಸರಿಸುವಳು, ತಂತಿ ಮೀಟುವಳು. ಮಾವ "ಮೇಲೆ" ಅನ್ನುವರು, "ಇನ್ನೊಂದ್ಚೂರು" ಅನ್ನುವರು, "ಜಾಸ್ತಿ ಆತು" ಅನ್ನುವರು. ಬೈಯುವರು. ಎಂಥ ಕಿವಿ ನಿಂದು, ಮೋಟ್ರಿನ ಸದ್ದು ಕೇಳಿ ಕೇಳಿ ಕೆಟ್ಟೈತೆ ಎಂದು ಒಂದು ದಿನ ಒಂದೇ ಉಸಿರಿಗೆ ಹೇಳಿದರು. ಅತ್ತೆ ಅಡುಗೆಮನೆಗೆ ಬಂದು ಆ ಬೈಗುಳವನ್ನು ನನಗೆ ಇನ್ನೊಮ್ಮೆ ಹೇಳಿ ತೋರಿಸಿದಳು, ಬಹುಮಾನ ತೋರಿಸುವ ಹಾಗೆ.

ಮಾವನ ಗಾಯನಕ್ಕೆ ಅಲ್ಲ, ಬೈಗುಳಕ್ಕೆ ಈ ಗಿಟಾರು ಎಂದು ನನಗೆ ಅರ್ಥವಾಗಲು ಅಷ್ಟು ದಿನ ಬೇಕಾಯಿತು. ಅಂಗಡಿ ಗುಡಿಸುವಾಗ ಹಲಗೆಯ ಸಂದಿನಲ್ಲಿ ಒಂದು ಚೀಟಿ ಸಿಕ್ಕಿತ್ತು. ಅದರಲ್ಲಿ ಅತ್ತೆಯ ಅಕ್ಷರದಲ್ಲಿ ಅಳತೆಗಳು, ಮನೆಯಿಂದ ಮನೆಗೆ ಎಷ್ಟು ದೂರವೆಂದು, ಒಂದೊಂದೂ ಹಿಂದಿನದಕ್ಕಿಂತ ಕಡಿಮೆ.

"ಇದೇನತ್ತೆ?"

"ಆರ್ಕೆಸ್ಟ್ರಾ ಹುಡುಗನ ಗಿಟಾರು ಬಿಚ್ಚಿದಾಗ ಬರಕೊಂಡಿದ್ದು. ಬಿಚ್ಚಿದ ಸಾಮಾನಿನ ಅಳತೆ ಬರಕೊಳ್ಳೋದು ನನಗೆ ರೂಢಿ."

"ಮನೆ ಎಲ್ಲಿ ಕೂರಿಸಬೇಕು ಅಂತ ಗೊತ್ತಿತ್ತಾ ನಿನಗೆ?"

ಅತ್ತೆ ಸುರುಳಿಯಿಂದ ಕಣ್ಣೆತ್ತಲಿಲ್ಲ. "ಎಲ್ಲಾ ನಾನೇ ಸರಿಯಾಗಿ ಮಾಡಿದ್ರೆ ಅವರಿಗೆ ಮಾತಾಡಾಕೆ ಏನಿರ್ತಿತ್ತು ಕಣವ್ವ?" ಅಂದಳು.

ಗಿಟಾರು ಶ್ರುತಿಗೆ ಬಂದ ಮೇಲೆ ಇನ್ನೊಂದು ತೊಡಕು. ಮಾವನಿಗಿರುವುದು ಬಲಗೈ ಒಂದೇ, ಮೀಟಬಲ್ಲರು, ಮನೆ ಒತ್ತಲಾರರು. ಅತ್ತೆಗೆ ಎರಡು ಕೈಯಿದ್ದರೂ ಸರಿಗಮ ಗೊತ್ತಿಲ್ಲ. ಕೊನೆಗೆ ಇಬ್ಬರೂ ಮಂಚದ ಮೇಲೆ ಪಕ್ಕಪಕ್ಕ ಕೂತರು. ಹಲಸಿನ ಮಣೆ ಮಾವನ ತೊಡೆಯ ಮೇಲೆ, ಕುತ್ತಿಗೆ ಅತ್ತೆಯ ಕೈಯಲ್ಲಿ. ಮಾವ ನಂಬರು ಹೇಳಬೇಕು, ಅತ್ತೆ ಆ ಮನೆ ಒತ್ತಬೇಕು, ಮಾವ ಮೀಟಬೇಕು. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವರಿಬ್ಬರು ಅಷ್ಟು ಹೊತ್ತು ಅಂಟಿ ಕೂತದ್ದನ್ನು ಬೀದಿಯವರು ಕಂಡಿರಲಿಲ್ಲ. ಮೊದಮೊದಲು ಅತ್ತೆ ಸಂಕೋಚಕ್ಕೆ ಬಾಗಿಲು ಮುಂದೆ ಮಾಡುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಒಳಗಿನಿಂದ ರಾಗವೊಂದು ಕೇಳಿತು. ನಾಟಕದ ಪರದೆ ಏಳುವ ಮೊದಲು ಮಾವ ಪೇಟಿಯ ಮೇಲೆ ನುಡಿಸುತ್ತಿದ್ದ ಧಾಟಿ. ಎಷ್ಟು ನಿಧಾನವೆಂದರೆ ಒಂದು ಸ್ವರ ಪೂರ್ತಿ ಆರಿಹೋದ ಮೇಲೆಯೇ ಇನ್ನೊಂದು ಬರುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

"ಏಳು" ಎಂದರು ಮಾವ. ಅತ್ತೆ ಒತ್ತಿದಳು. "ಐದು. ಮತ್ತೆ ಐದು. ನಾಲ್ಕು."

ಅತ್ತೆಯ ಕಣ್ಣು ಬಿಳಿ ನಂಬರುಗಳ ಮೇಲೆಯೇ ನೆಟ್ಟಿತ್ತು, ಮುಂದಿನದಕ್ಕೆ ಬೆರಳು ಸಿದ್ಧವಾಗಿತ್ತು. ಮಾವ ಮೀಟುವ ಬೆರಳನ್ನು ತಂತಿಯಿಂದ ಎತ್ತಿದರು. ಆಮೇಲೆ ಅತ್ತೆಯ ಹೆಸರು ಹೇಳಿದರು. ಇಡೀ ಹೆಸರು, ಒಂದಕ್ಷರವೂ ತೊದಲದೆ. ಆ ಕಾಲದ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾವನೂ ಅದುವರೆಗೆ 'ಏ' ಅಂದದ್ದು, ಇಲ್ಲವೇ 'ಇವಳೇ' ಅಂದದ್ದು.

"ಅದು ಎಷ್ಟನೇ ಮನೆ ರೀ?" ಎಂದು ಕೇಳಿದಳು ಅತ್ತೆ.

ಮಾವ ನಂಬರು ಹೇಳಲಿಲ್ಲ. ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ, ಹೆಸರನ್ನೇ ಹೇಳಿದರು.